ಹಲ್ಲು ಬಂದ ಮ್ಯಾಲೆ ಹೋಗೂಣ

ಮೊನ್ನೆ ಮಧ್ಯಾಹ್ನ ಊಟವಾದ ಮೇಲೆ ಶೇಂಗಾ ಹೋಳಿಗೆಯ ಒಂದು ಚೂರು ಬಾಯಿಗೆ ಹಾಕಿಕೊಂಡು ಕಿಟಕಿಯ ಬಳಿ ಕುಳಿತಿದ್ದೆ. ಹಲ್ಲಿಗೆ ಕಲ್ಲು ಸಿಕ್ಕಿತು. ಶೇಂಗಾ ಹಸನು ಮಾಡಿದವಳು ನಾನೇ, ಹುರಿದವಳು ನಾನೇ, ಮೊರದಲ್ಲಿ ಸಿಪ್ಪೆ ಹಾರಿಸಿದವಳೂ ನಾನೇ. ಹಾಗಾಗಿ ಬೈಯಲು ಯಾರೂ ಸಿಗಲಿಲ್ಲ. ಮೆಲ್ಲಗೆ ಅಂಗೈಗೆ ತೆಗೆದು ನೋಡಿದರೆ ಅದು ಕಲ್ಲಲ್ಲ, ನನ್ನದೇ ದವಡೆ ಹಲ್ಲಿನ ಒಂದು ಮೂಲೆ. ಜೋಳದ ನುಚ್ಚಿನಷ್ಟಿತ್ತು. ಇಷ್ಟು ವರ್ಷ ನನ್ನ ಬಾಯೊಳಗಿದ್ದರೂ ಅದನ್ನು ನಾನು ನೋಡಿದ್ದು ಅದೇ ಮೊದಲು. ಪರಿಚಯವಾಗುವ ಹೊತ್ತಿಗೆ ಬಿಟ್ಟು ಹೋಗುವ ನೆಂಟರ ಹಾಗೆ.

ಅಂದಿನಿಂದ ನನ್ನ ನಾಲಿಗೆಗೆ ಹೊಸದೊಂದು ಊರು ಸಿಕ್ಕಿದಂತಾಗಿದೆ. ಕೈಯಲ್ಲಿ ಎಷ್ಟೇ ಕೆಲಸವಿರಲಿ, ಅದು ತನ್ನ ಪಾಡಿಗೆ ಎದ್ದು ಆ ಮೂಲೆಗೆ ಹೋಗುತ್ತದೆ, ಅಂಚು ಸವರುತ್ತದೆ, ಗುಳಿಯಲ್ಲಿ ಇಣುಕುತ್ತದೆ, ಸುಮ್ಮನೆ ಕೂತುಬಿಡುತ್ತದೆ. ರಸ್ತೆಯಾಚೆಯ ಪವರ್‌ಲೂಮುಗಳ ಖಟಕ್ ಖಟಕ್ ಕೇಳುತ್ತ ನಾನೂ ಅದರ ಹಿಂದೆ ಹೋಗುತ್ತೇನೆ.

"ಬಾಯಾಗ ಏನ ಇಟಗೊಂಡ ಕುಂತಿ?" ಎನ್ನುತ್ತಾರೆ ನಮ್ಮವರು.

"ಏನಿಲ್ರಿ," ಎನ್ನುತ್ತೇನೆ. ನಿಜವೂ ಹೌದು. ಇದ್ದದ್ದು ಇಲ್ಲದ ಜಾಗ ತಾನೆ ಅದು!

ನಮ್ಮ ಕಾಲನಿ ಇರುವುದು ರಬಕವಿಗೂ ಬನಹಟ್ಟಿಗೂ ನಡುವೆ. ಎರಡೂ ಊರುಗಳು ಕೈ ಚಾಚಿ ಒಂದನ್ನೊಂದು ಮುಟ್ಟುವ ಜಾಗದಲ್ಲಿ. ನೌಕರಿಯವರು, ಪಿಂಚಣಿಯವರು, ಸಣ್ಣ ಸೀರೆ ವ್ಯಾಪಾರದವರು ಸೇರಿ ಹೊಲವೊಂದನ್ನು ಕೊಂಡು ಮನೆ ಕಟ್ಟಿಕೊಂಡವರು. ಎಲ್ಲರೂ ಸರಿಸುಮಾರು ಒಂದೇ ವಯಸ್ಸಿನವರಾದ್ದರಿಂದ ನಮ್ಮಲ್ಲಿ ಎಲ್ಲವೂ ಒಟ್ಟಿಗೇ ಆಗುತ್ತದೆ. ಒಂದು ಕಾಲದಲ್ಲಿ ಎಲ್ಲರ ಮನೆಗೂ ಕಂಪೌಂಡ್ ಬಂತು. ಇನ್ನೊಂದು ಕಾಲದಲ್ಲಿ ಎಲ್ಲರ ಮಕ್ಕಳ ಎಸ್ಸೆಸ್ಸೆಲ್ಸಿ. ಆಮೇಲೆ ಎಲ್ಲರಿಗೂ ಬಿಪಿ ಗುಳಿಗೆ. ಈಗ ಹಲ್ಲು.

ಹಲ್ಲು ಹೋದದ್ದನ್ನು ಯಾರೂ ಹೇಳುವುದಿಲ್ಲ, ಗೊತ್ತಾಗುತ್ತದೆ ಅಷ್ಟೆ. ನೀವೂ ಗಮನಿಸಿರಬಹುದು. ಪೇರಲ ಹಣ್ಣನ್ನು ಕಚ್ಚಿ ತಿನ್ನುತ್ತಿದ್ದವರು ಒಂದು ದಿನ ಚಾಕು ಕೇಳುತ್ತಾರೆ. ಚಕ್ಕುಲಿಯ ತಟ್ಟೆ ಮುಂದೆ ಬಂದರೆ, "ಬ್ಯಾಡ್ರಿ, ಎಣ್ಣಿ ಆಗಿ ಬರೂದಿಲ್ಲ" ಎನ್ನುತ್ತಾರೆ, ಅದೇ ಎಣ್ಣೆಯ ಬಜಿ ತಿನ್ನುತ್ತಲೇ. ಮದುವೆಯ ಪಂಕ್ತಿಯಲ್ಲಿ ಖಡಕ್ ರೊಟ್ಟಿಯನ್ನು ಬದನೆಕಾಯಿ ಎಣ್ಣೆಗಾಯಿಯ ರಸದಲ್ಲಿ ಮುಳುಗಿಸಿಟ್ಟು, ಅದು ನೆನೆಯುವವರೆಗೆ ಪಕ್ಕದವರ ಜೊತೆ ಮಳೆಯ ಮಾತಾಡುತ್ತಾರೆ. ಮೊದಲೆಲ್ಲ ನಮ್ಮ ಪಂಕ್ತಿಗಳಲ್ಲಿ ಕರುಂ ಕರುಂ ಎಂದು ದನಗಳ ಕೊಟ್ಟಿಗೆಯಂಥ ಸಪ್ಪಳ ಇರುತ್ತಿತ್ತು. ಈಗ ಮಳೆಯ ಮಾತು ಹೆಚ್ಚಾಗಿದೆ.

ಹಲ್ಲು ಹಾಕಿಸಿಕೊಳ್ಳಲು ಎಲ್ಲರೂ ಹೋಗುವುದು ಜಮಖಂಡಿಯ ಒಬ್ಬರೇ ಡಾಕ್ಟರ ಹತ್ತಿರ. ಮೃದು ಕೈಯವರು, ಒಳ್ಳೆಯವರು. ಆದರೆ ಅವರು ಹಲ್ಲಿನ ಸೆಟ್ ಮಾಡಿಸುವ ಕಡೆ ಅಚ್ಚು ಒಂದೇ ಇದೆಯೋ ಏನೋ. ಕಳೆದ ಶ್ರಾವಣದ ಅರಿಶಿನ ಕುಂಕುಮಕ್ಕೆ ಎದುರು ಮನೆಯ ಮಹಾನಂದಾ ಅವರು ನಗುತ್ತ ಬಂದಾಗ ನನಗೆ ಒಂದು ಕ್ಷಣ ಗಲಿಬಿಲಿಯಾಯಿತು. ಈ ನಗು ಎಲ್ಲೋ ನೋಡಿದ್ದೇನಲ್ಲ!

"ಭಾಳ ಚಂದ ಕಾಣಾಕತ್ತೀರಲ್ರೀ ಅಕ್ಕಾರ," ಎಂದೆ.

"ಹಲ್ಲ ಹಾಕ್ಸೇನ್ರಿ. ನಿಮ್ಮವರು ಹಾಕ್ಸಿದಲ್ಲೇ." ಅವರು ಗೋಡೆಯ ಮೇಲಿದ್ದ ನಮ್ಮವರ ಹೊಸ ಫೋಟೊ ನೋಡಿದರು, ನನ್ನ ಮುಖ ನೋಡಿದರು, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. "ಅಯ್ಯ ಯವ್ವಾ! ನಿಮ್ಮವರ ನಗೂನ ನನಗೂ ಕೊಟ್ಟಾನ ನೋಡ್ರಿ ಆ ಡಾಕ್ಟರ!"

ಅಂದಿನಿಂದ ಮಹಾನಂದಾ ಅವರು ನಮ್ಮ ಮನೆಯವರ ಎದುರಿಗೆ ತುಟಿ ಬಿಚ್ಚಿ ನಗುವುದಿಲ್ಲ. ಇವರಿಗೆ ಅದೇಕೆಂದು ಗೊತ್ತಿಲ್ಲ. ನಾನೂ ಹೇಳಿಲ್ಲ.

ನಾಲಿಗೆ ಒಮ್ಮೊಮ್ಮೆ ಬಹಳ ಹಿಂದಕ್ಕೆ ಹೋಗುತ್ತದೆ. ನಾನು ಕಲಿತದ್ದು ಬೆಳಗಾವಿಯ ಒಂದು ಕಾನ್ವೆಂಟಿನಲ್ಲಿ. ಸೋಮವಾರ ಪ್ರಾರ್ಥನೆ ಮುಗಿದ ಮೇಲೆ ಸಾಲಾಗಿ ನಿಲ್ಲಿಸಿ ಉಗುರು, ಕರವಸ್ತ್ರ, ಹಲ್ಲು ನೋಡುತ್ತಿದ್ದರು. ಸಿಸ್ಟರ್ ಬಂದು ಬೆರಳ ತುದಿಯಿಂದ ಗದ್ದ ಎತ್ತುತ್ತಿದ್ದರು. ಆ ಬೆರಳಿಗೆ ಸಾಬೂನು ಮತ್ತು ಸೀಮೆಸುಣ್ಣ ಬೆರೆತ ವಾಸನೆ. ಸ್ವರ್ಗದ ಬಾಗಿಲಲ್ಲೂ ಹೀಗೆಯೇ ಸಾಲು ನಿಲ್ಲಿಸಿ ಹಲ್ಲು ನೋಡಿಯೇ ಒಳಗೆ ಬಿಡುತ್ತಾರೆಂದು ನಾನು ನಂಬಿದ್ದೆ. ಈಗ ಹೋದರೆ ನನ್ನನ್ನು ಬಾಗಿಲಲ್ಲೇ ನಿಲ್ಲಿಸುವುದು ಖಂಡಿತ.

ರಜೆಗೆ ಬೀಳಗಿಗೆ, ಅವ್ವನ ತಾಯಿ ಆಯಿಯ ಮನೆಗೆ ಹೋದರೆ ಬೇರೆಯದೇ ಲೋಕ. ಅಲುಗುವ ಹಾಲುಹಲ್ಲನ್ನು ಆಯಿ ಮಾತಾಡಿಸುತ್ತ ಮಾತಾಡಿಸುತ್ತ ಕಿತ್ತುಬಿಡುತ್ತಿದ್ದಳು. ಅದನ್ನು ಸಗಣಿಯ ಸಣ್ಣ ಉಂಡೆಯೊಳಗಿಟ್ಟು ನನ್ನ ಕೈಗೆ ಕೊಟ್ಟು, "ಒಗಿ, ಮಾಳಗಿ ಮ್ಯಾಲ ಒಗಿ. ಹಳೇದ ಒಯ್ಯಿ, ಹೊಸಾದ ಕೊಡು ಅನ್ನು," ಎನ್ನುತ್ತಿದ್ದಳು. ಯಾರಿಗೆ ಅನ್ನಬೇಕೆಂದು ಹೇಳುತ್ತಿರಲಿಲ್ಲ. ಮಣ್ಣಿನ ಮಾಳಿಗೆ ಅದು. ಮಳೆಗಾಲದಲ್ಲಿ ಅದರ ಮೇಲೆ ತೆಳ್ಳಗೆ ಹುಲ್ಲು ಹುಟ್ಟುತ್ತಿತ್ತು. ನನ್ನ ಹಲ್ಲು, ನನ್ನ ಅವ್ವನ ಹಲ್ಲು, ಸೋದರಮಾವಂದಿರ ಹಲ್ಲು ಎಲ್ಲ ಅಲ್ಲಿ ಬೇರುಬಿಟ್ಟು ಹಸಿರಾಗಿವೆ ಎಂದುಕೊಂಡು ಅಂಗಳದಲ್ಲಿ ಅಂಗಾತ ಮಲಗಿ ನೋಡುತ್ತಿದ್ದೆ. ಗಾಳಿ ಬಂದರೆ ಹುಲ್ಲು ಒಂದೇ ಕಡೆ ವಾಲುತ್ತಿತ್ತು, ಮನೆ ನಕ್ಕಂತೆ.

ದೊಡ್ಡವರ ಹಲ್ಲಿಗೆ ಆ ಭಾಗ್ಯವಿಲ್ಲ. ನಮ್ಮವರು ತಮ್ಮ ಕಿತ್ತ ದವಡೆ ಹಲ್ಲನ್ನು ಹತ್ತಿಯಲ್ಲಿ ಸುತ್ತಿ ತಂದು ಫ್ರಿಜ್ಜಿನ ಮೇಲಿಟ್ಟಿದ್ದರು. ಎಸೆಯಲು ಮನಸ್ಸಿಲ್ಲ, ಇಟ್ಟುಕೊಂಡು ಮಾಡುವುದೇನೆಂದು ತಿಳಿಯದು. ಮಾಳಿಗೆಗೆ ಒಗೆಯೋಣವೆಂದರೆ ಈಗಿನದು ಸಿಮೆಂಟಿನ ಸ್ಲ್ಯಾಬು, ಅದರ ಮೇಲೆ ಸೋಲಾರು, ನೀರಿನ ಟಾಕಿ. ಒಗೆದರೆ ಟಣ್ಣೆಂದು ತಿರುಗಿ ಬರುತ್ತದೆ. ಕೊನೆಗೆ ಅದು ಎಲ್ಲಿ ಹೋಯಿತೋ, ಇಬ್ಬರೂ ಕೇಳಿಕೊಳ್ಳಲಿಲ್ಲ.

ಹೀಗೆ ಅಲೆದು ಅಲೆದು ನಾಲಿಗೆ ಕೊನೆಗೆ ಬಂದು ನಿಲ್ಲುವುದು ನನ್ನ ಅತ್ತೆಯ ಹತ್ತಿರ. ಹಲ್ಲಿಲ್ಲದ ಆ ಎರಡು ಮೂರು ತಿಂಗಳಲ್ಲಿ ಅವರು ತಮ್ಮ ಅಕ್ಕನ ಮುಖ ನೋಡದೆಯೇ ಉಳಿದುಬಿಡುತ್ತಾರೇನೋ ಎಂದು ನಾವೆಲ್ಲ ಹೆದರಿದ್ದೆವು.

ಅತ್ತೆ ಚಿಮ್ಮಡದ ಮಗಳು. ಅವರಿನ್ನೂ ಅಂಬೆಗಾಲಿಡುವಾಗಲೇ ಅವರ ಅವ್ವ ತೀರಿಕೊಂಡರಂತೆ. ಅಕ್ಕ ತಾನೇ ಲಂಗದ ಹುಡುಗಿ, ಈ ಕೂಸನ್ನು ಟೊಂಕದ ಮೇಲೆ ಹೊತ್ತು ಬೆಳೆಸಿದಳು. ಆ ಅಕ್ಕನನ್ನು ನಾವೆಲ್ಲ ದೊಡ್ಡವ್ವ ಎನ್ನುತ್ತೇವೆ. ದೊಡ್ಡವ್ವನನ್ನು ತುಬಚಿಗೆ ಕೊಟ್ಟರು, ಅತ್ತೆಯನ್ನು ರಬಕವಿಗೆ. ಒಬ್ಬರ ಪಾಲಿಗೆ ಕಬ್ಬಿನ ಗದ್ದೆ, ಇನ್ನೊಬ್ಬರ ಪಾಲಿಗೆ ಮಗ್ಗ.

ಮಗ್ಗದ ಮನೆಯ ಹೆಂಗಸರಿಗೆ ಹಲ್ಲೇ ಕತ್ತರಿ. ಎಳೆ ಹರಿದರೆ ಗಂಟು ಹಾಕಿ ತುದಿಯನ್ನು ಹಲ್ಲಿನಿಂದ ಕಡಿದುಬಿಡುವುದು. ಹಾಗೆ ಕಡಿದು ಕಡಿದು ಅತ್ತೆಯ ಮುಂದಿನ ಹಲ್ಲಿನ ಅಂಚಿನಲ್ಲಿ ನೂಲು ಕೂರುವಷ್ಟು ಸಣ್ಣ ಕಚ್ಚು ಬಿದ್ದಿತ್ತು. ಅದರ ಜೊತೆಗೆ ಮಿಶ್ರಿ. ತಂಬಾಕನ್ನು ಹಂಚಿನ ಮೇಲೆ ಕಪ್ಪಗೆ ಹುರಿದು ಅರೆದ ಪುಡಿ ಅದು. ಕೆಲಸದ ನಡುವೆ ಓಣಿಯ ಹೆಂಗಸರು ಹಿತ್ತಲ ಬಾಗಿಲಲ್ಲಿ ಕುಕ್ಕರಗಾಲಿನಲ್ಲಿ ಕುಳಿತು, ತೋರುಬೆರಳಿನಿಂದ ಹಲ್ಲಿಗೆ ತಿಕ್ಕುತ್ತ ಕಷ್ಟಸುಖ ಆಡಿಕೊಳ್ಳುತ್ತಿದ್ದರಂತೆ. "ಹಲ್ಲ ಗಟ್ಟಿ ಆಗ್ತಾವ" ಎಂದು ಓರಗಿತ್ತಿ ಹೇಳಿಕೊಟ್ಟಳು. ಹೊಸ ಸೊಸೆಗೆ ಆ ಊರಲ್ಲಿ ಸಿಕ್ಕ ಮೊದಲ ಸ್ನೇಹ ಆ ಕಪ್ಪು ಪುಡಿಯದೇ.

ದೊಡ್ಡವ್ವ ಬೇವಿನ ಕಡ್ಡಿಯವಳು. ಆ ವಯಸ್ಸಿನಲ್ಲೂ ಕಬ್ಬಿನ ಗಣಿಕೆಯನ್ನು ಹಲ್ಲಿನಿಂದಲೇ ಸಿಗಿಯುವ ಹೆಣ್ಣುಮಗಳು. ಒಮ್ಮೆ ತಂಗಿಯ ಕುಪ್ಪಸದಿಂದ ಮಿಶ್ರಿ ಡಬ್ಬಿ ಜಾರಿ ಬಿದ್ದಾಗ ಅವಳು ಹೇಳಿದ್ದಳಂತೆ: "ಈ ಕರೇ ಪುಡಿ ನಿನ್ನ ಹಲ್ಲ ತಿಂತೈತಿ ನೋಡು ಸಣ್ಣಿ. ಅವತ್ತ ನನ್ನ ಮುಂದ ಬಂದು ಅಳಬ್ಯಾಡ." ಅಕ್ಕ ಅದನ್ನು ಮರೆತಿರಬೇಕು. ತಂಗಿ ಮರೆಯಲಿಲ್ಲ.

ಪುಡಿ ಕೊನೆಗೂ ಹಲ್ಲನ್ನು ತಿಂದಿತು. ಮೊದಲು ಹಿಂದಿನವು, ಆಮೇಲೆ ಕಚ್ಚು ಬಿದ್ದಿದ್ದ ಮುಂದಿನದೂ. ಉಳಿದ ಅಲುಗಾಡುವವನ್ನು ಜಮಖಂಡಿಯ ಡಾಕ್ಟರು ತೆಗೆದು, "ಒಸಡಿ ಒಣಗಲಿ, ಆಮ್ಯಾಲೆ ಸೆಟ್ ಮಾಡೂಣ," ಎಂದರು. ಆ ದಿನದಿಂದ ಅತ್ತೆ ಸಣ್ಣಗಾದರು. ಸಂಜೆ ಹೊರಗಿನ ಕಟ್ಟೆಯ ಮೇಲೆ ಕೂರುವುದು ನಿಂತಿತು. ಮಾತಾಡುವಾಗ ಸೆರಗು ಬಾಯಿಗೆ. ಎಲ್ಲರ ಊಟವಾದ ಮೇಲೆ ಅಡುಗೆಮನೆಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕುಳಿತು ಉಣ್ಣುತ್ತಿದ್ದರು. ಬೆನ್ನು ಮಾತ್ರ ಕಾಣುತ್ತಿತ್ತು, ದವಡೆಯ ಜೊತೆ ಕಿವಿಯ ಬೆಂಡೋಲೆ ಮೇಲೆ ಕೆಳಗೆ ಆಡುತ್ತಿತ್ತು.

ಅದೇ ಹೊತ್ತಿಗೆ ತುಬಚಿಯಿಂದ ಫೋನು ಬರತೊಡಗಿತು. ದೊಡ್ಡವ್ವ ಬಚ್ಚಲಲ್ಲಿ ಜಾರಿ ಬಿದ್ದು ಹಾಸಿಗೆ ಹಿಡಿದಿದ್ದಳು. "ಸಣ್ಣಿ, ಯಾವಾಗ ಬರ್ತಿ ಬೇ?" ಎಂದು ಮನೆಯವರಿಂದ ಕೇಳಿಸುತ್ತಿದ್ದಳು. ಅತ್ತೆ ಒಮ್ಮೆ ಮೊಣಕಾಲು ನೋವೆಂದರು, ಒಮ್ಮೆ ಮನೆಗೆ ಬೀಗರು ಬಂದಿದ್ದಾರೆಂದರು, ಒಮ್ಮೆ ಅಮಾವಾಸ್ಯೆಯೆಂದರು. ಬೀಗರೂ ಇರಲಿಲ್ಲ, ಅಮಾವಾಸ್ಯೆಯೂ ಅಲ್ಲ.

"ಯವ್ವಾ, ದೊಡ್ಡವ್ವನ ವಯಸ್ಸ ನೋಡು. ಇವತ್ತ ಇದ್ದಾಳು, ನಾಳೆ ಹ್ಯಾಂಗೋ," ಎಂದರು ನಮ್ಮವರು.

"ಹಲ್ಲು ಬಂದ ಮ್ಯಾಲೆ ಹೋಗೂಣ."

"ಆಕಿ ನಿನ್ನ ಹಲ್ಲ ನೋಡಾಕ ಕರ್ಯಾಕತ್ತಾಳೇನು?"

"ಆಕಿ ಮೊದಲ ಅದನ್ನ ನೋಡಾಕಿ. ನಿನಗೇನ ಗೊತ್ತೈತಿ, ಸುಮ್ನಿರು."

ಸೆಟ್ ಬಂತು. ಅತ್ತೆ ಕನ್ನಡಿಯ ಮುಂದೆ ನಿಂತು ಬಹಳ ಹೊತ್ತು ನೋಡಿಕೊಂಡರು. "ಇಕಿ ಯಾರ ಬೇ ಶೈಲಾ?" ಎಂದು ನನ್ನನ್ನೇ ಕೇಳಿದರು. ಸದ್ಯಕ್ಕೆ ಮೆತ್ತಗಿನದನ್ನೇ ತಿನ್ನಬೇಕು, ಬಾಯಿಗೆ ರೂಢಿಯಾಗಲಿ ಎಂದು ಡಾಕ್ಟರು ಮತ್ತೆ ಮತ್ತೆ ಹೇಳಿ ಕಳಿಸಿದ್ದರು. ಭಾನುವಾರ ತುಬಚಿಗೆ ಹೋಗುವುದೆಂದು ನಿಶ್ಚಯವೂ ಆಯಿತು. ಅತ್ತೆ ಅಕ್ಕನಿಗೆಂದು ಸೀರೆ ತೆಗೆದಿಟ್ಟರು. ಮನೆಯಲ್ಲಿ ಹಬ್ಬದ ಹಿಂದಿನ ದಿನದ ಕಳೆ.

ಶುಕ್ರವಾರ ಮಧ್ಯಾಹ್ನ ನಾನು ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಅಡುಗೆಮನೆಯಿಂದ ಕಟಂ ಎಂದು ಒಂದು ಸಪ್ಪಳ ಕೇಳಿತು. ಖಡಕ್ ರೊಟ್ಟಿಯನ್ನು ಕೈಯಿಂದ ಮುರಿದ ಸಪ್ಪಳ, ನನಗೆ ಗೊತ್ತು. ಸ್ವಲ್ಪ ಹೊತ್ತಿಗೆ ಇನ್ನೊಂದು. ಅದು ರೊಟ್ಟಿಯದಲ್ಲ.

ಓಡಿ ಬಂದು ನೋಡಿದರೆ ಅತ್ತೆ ರೊಟ್ಟಿಯ ಬುಟ್ಟಿಯ ಪಕ್ಕದಲ್ಲಿ ನೆಲದ ಮೇಲೆ ಕುಳಿತಿದ್ದಾರೆ. ಅಂಗೈಯಲ್ಲಿ ಮೇಲಿನ ಸೆಟ್ಟು ಎರಡು ಹೋಳಾಗಿ ಮಲಗಿದೆ.

"ರೊಟ್ಟಿ ಮುರೀಲಿಲ್ಲ ಬೇ," ಎಂದರು. "ಹಲ್ಲ ಮುರದ್ವು."

"ಡಾಕ್ಟ್ರು ಬ್ಯಾಡಂದಿದ್ರಲ್ರೀ ಅತ್ತ್ಯಾರ, ಯಾಕ ತಿಂದ್ರಿ?"

"ರೂಢಿ ಮಾಡ್ಕೊಳ್ಳಾಕ. ಅಕ್ಕನ ಮುಂದ ಕುಂತು ಅನ್ನ ಸಾರು ಉಂಡ್ರ ಆಕಿ ಬಿಡ್ತಾಳೇನು? ರೊಟ್ಟಿ ಕಡದ ಸಪ್ಪಳ ಆಕಿ ಕಿವಿಗೆ ಬೀಳಬೇಕು."

ನನಗೆ ನಗು ಬರಬೇಕಿತ್ತು. ನಮ್ಮ ಸೀಮೆಯಲ್ಲಿ ಮನುಷ್ಯನ ಗಟ್ಟಿತನವನ್ನು ಅಳೆಯುವುದು ರೊಟ್ಟಿಯ ಸಪ್ಪಳದಿಂದಲೇ. ಅದನ್ನು ಕೇಳಿಸದ ಹಲ್ಲು ಎಷ್ಟು ಬೆಳ್ಳಗಿದ್ದರೇನು? ಬೇರೆ ಊರಿನ ಮುದುಕಿ ಯಾರೂ ಹೊಸ ಸೆಟ್ಟನ್ನು ಹೀಗೆ ಪರೀಕ್ಷೆಗೆ ಕೂರಿಸಿರಲಾರಳು. ಆದರೆ ನಗಲಾಗಲಿಲ್ಲ. ಹೋಳುಗಳನ್ನು ಒಂದಕ್ಕೊಂದು ಹೊಂದಿಸಿ, ಬಿಟ್ಟು, ಮತ್ತೆ ಹೊಂದಿಸಿ ನೋಡುತ್ತಿದ್ದರು ಅತ್ತೆ, ಹರಿದ ಎಳೆಯ ತುದಿ ಹುಡುಕುವವರ ಹಾಗೆ.

ಸೆಟ್ಟು, ಕೆಳಗಿನದೂ ಸೇರಿ, ದುರಸ್ತಿಗೆ ಜಮಖಂಡಿಗೆ ಹೋಯಿತು. ಭಾನುವಾರದ ಪಯಣ ನಿಂತಿತು. ಶನಿವಾರ ಸಂಜೆ ಮತ್ತೆ ಫೋನು ಬಂತು. ಈ ಸಲ ದೊಡ್ಡವ್ವ ತಾನೇ ಮಾತಾಡಬೇಕೆಂದು ಹಟ ಹಿಡಿದಿದ್ದಳು. ಅತ್ತೆಗೆ ಕಿವಿ ಮಂದವಾದ್ದರಿಂದ ನಾನು ಸ್ಪೀಕರಿಗೆ ಹಾಕಿ ಅವರ ಮುಂದೆ ಹಿಡಿದೆ.

"ನಾಳೆ ಆಗೂದಿಲ್ಲಕ್ಕ," ಎಂದರು ಅತ್ತೆ. "ಗಾಡಿ ಸಿಗಲಿಲ್ಲ."

ಆ ಕಡೆಯಿಂದ ಗುಂಡುಕಲ್ಲು ಉರುಳಿದಂಥ ದನಿ: "ಗಾಡಿ ಅಲ್ಲ, ಹಲ್ಲ. ನಿನ್ನ ಮಾತಿನ್ಯಾಗ ಗಾಳಿ ಹೋಗಾಕತ್ತಿದ್ದು ನನಗ ತಿಳ್ಯೂದಿಲ್ಲೇನು?"

ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡರು, ಫೋನಿನೊಳಗಿಂದ ಅಕ್ಕ ನೋಡುತ್ತಿದ್ದಾಳೇನೋ ಎಂಬಂತೆ.

"ನಿನಗ ಹಲ್ಲು ಬರೂದನ್ನ ನಾ ಒಮ್ಮೆ ಕಾದೇನಿ ಸಣ್ಣಿ," ಎಂದಳು ದೊಡ್ಡವ್ವ. "ಇನ್ನೊಮ್ಮೆ ಕಾಯೂವಷ್ಟು ವ್ಯಾಳೇ ನನ್ನ ಕಡೆ ಇಲ್ಲ."

ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅತ್ತೆ ಜಳಕ ಮಾಡಿ, ವಿಭೂತಿ ಹಚ್ಚಿ, ತೆಗೆದಿಟ್ಟ ಸೀರೆಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಹೊರಗಿನ ಕಟ್ಟೆಯ ಮೇಲೆ ಕುಳಿತಿದ್ದರು. ಎಷ್ಟೋ ದಿನಗಳ ಮೇಲೆ.

ದಾರಿಯುದ್ದಕ್ಕೂ ಕಬ್ಬು ಹೇರಿದ ಟ್ರ್ಯಾಕ್ಟರುಗಳು, ತುದಿಯ ಗರಿಗಳು ರಸ್ತೆ ಗುಡಿಸುತ್ತ ಹೋಗುತ್ತಿದ್ದವು. ಜಮಖಂಡಿ ಬಂದಾಗ ನಮ್ಮವರು ಕಾರನ್ನು ನಿಧಾನ ಮಾಡಿದರು. ಸೆಟ್ಟು ಜೋಡಿಸಿಯಾಗಿದೆ, ಭಾನುವಾರವಾದರೂ ಹತ್ತು ಗಂಟೆಗೆ ಬಂದರೆ ಬಾಯಿಗೆ ಹೊಂದಿಸಿ ಕೊಡುತ್ತೇನೆ ಎಂದು ಡಾಕ್ಟರು ಹಿಂದಿನ ರಾತ್ರಿಯಷ್ಟೇ ತಿಳಿಸಿದ್ದರು. ಇನ್ನೂ ಶಟರ್ ತೆಗೆದಿರಲಿಲ್ಲ.

"ತಾಸ ಹೊತ್ತ ನಿಂದ್ರೂಣೇನ ಯವ್ವಾ? ಹಾಕ್ಕೊಂಡ ಹೋದ್ರಾತು."

ಅತ್ತೆ ಮುಚ್ಚಿದ ಶಟರ್ ಕಡೆ ನೋಡಿದರು. ಅದರ ಮೇಲೆ ಬಿಡಿಸಿದ್ದ ಬಹುದೊಡ್ಡ ಬಿಳಿ ಹಲ್ಲು ತಾನೇ ಬಾಯಿ ತೆರೆದು ನಗುತ್ತಿತ್ತು. ಅವರ ಕೈ ಸೀರೆಯ ಗಂಟನ್ನು ಒಮ್ಮೆ ಬಿಗಿ ಹಿಡಿಯಿತು, ಸಡಿಲವಾಯಿತು.

"ನಡಿಯಪ್ಪಾ," ಎಂದರು. "ಆಕಿ ಕಾಯಾಕತ್ತಾಳ."

ತುಬಚಿ ಹತ್ತಿರವಾದಂತೆ ಗಾಳಿಯಲ್ಲಿ ಹೊಳೆಯ ತೇವ ಬಂತು. ಏತ ನೀರಾವರಿಯ ದಪ್ಪ ಕೊಳವೆಗಳು ಬಿಸಿಲಿನಲ್ಲಿ ಮೈಚಾಚಿ ಮಲಗಿದ್ದವು. ಕಿಟಕಿಯಲ್ಲಿ ಹಸಿರು ಹಿಂದಕ್ಕೆ ಹರಿಯುತ್ತಿತ್ತು.

ಬಾಗಿಲಲ್ಲಿ ದೊಡ್ಡವ್ವನ ಸೊಸೆ ಕಾಶವ್ವ ಕಾಲಿಗೆ ನೀರು ಕೊಟ್ಟಳು. ಅತ್ತೆ ಒಳಗೆ ಹೋಗಲು ಅನುಮಾನಿಸುತ್ತಿದ್ದಾಗ ಹತ್ತಿರ ಬಂದು ಮೆಲ್ಲಗೆ ಹೇಳಿದಳು: "ಅವರಿಗೆ ಈಗ ಕಣ್ಣ ಕಾಣೂದಿಲ್ರೀ. ಬರೇ ಬೆಳಕ ತಿಳೀತೈತಿ. ನಿಮಗ ಹೇಳಬ್ಯಾಡ ಅಂದಿದ್ರು. ಸಣ್ಣಿ ಹಾದ್ಯಾಗೆಲ್ಲಾ ಅಳ್ಕೋಂತ ಬರ್ತಾಳ ಅಂದ್ರು."

ಅತ್ತೆಯ ಸೆರಗು ಅರ್ಧಕ್ಕೆ ಎತ್ತಿದ್ದದ್ದು ಹಾಗೆಯೇ ನಿಂತಿತು. ಇಷ್ಟು ತಿಂಗಳು ಯಾವ ಕಣ್ಣಿಗೆ ಹೆದರಿ ಗೋಡೆಗೆ ಮುಖ ಮಾಡಿ ಉಂಡಿದ್ದರೋ ಆ ಕಣ್ಣು ಇರಲೇ ಇಲ್ಲ.

ಒಳಗೆ ದೊಡ್ಡವ್ವ ಮಂಚದ ಮೇಲೆ ಗೋಡೆಗೆ ಒರಗಿ, ಬೆಳಕಿನ ಕಡೆ ಮುಖ ಮಾಡಿ ಕುಳಿತಿದ್ದಳು. ಮೊದಲಿನ ಅರ್ಧ ಆಗಿದ್ದಳು. ಅತ್ತೆ ಹೋಗಿ ಮಗ್ಗುಲಲ್ಲಿ ಕುಳಿತರು. ಹೆಸರು ಹೇಳಲಿಲ್ಲ. ಹೇಳಲು ಬಾಯಿ ತೆರೆಯಬೇಕಲ್ಲ.

ದೊಡ್ಡವ್ವನ ಕೈ ಗಾಳಿಯಲ್ಲಿ ಹುಡುಕಿ ಬಂದು ಅತ್ತೆಯ ತಲೆಯ ಮೇಲೆ ಇಳಿಯಿತು. ಬೈತಲೆ, ಹಣೆ, ಕಿವಿ ಎಂದು ಒಂದೊಂದೇ ಕೇಳುತ್ತ ಬಂದಂತೆ ಬಂದು, ಒಳಗೆ ಸೇರಿದ ಕೆನ್ನೆಯ ಹತ್ತಿರ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ತುಟಿಗೆ ಬಂತು. ಅತ್ತೆ ತುಟಿ ಬಿಗಿ ಹಿಡಿದಿದ್ದರು.

"ತಗಿ," ಎಂದಳು ದೊಡ್ಡವ್ವ.

ಅತ್ತೆ ಕಣ್ಣು ಮುಚ್ಚಿ ಬಾಯಿ ತೆರೆದರು. ಆ ಒರಟು ಬೆರಳು ಒಳಗೆ ಹೋಗಿ ಕೆಳಗಿನ ಒಸಡಿನ ಮೇಲೆ ಈ ತುದಿಯಿಂದ ಆ ತುದಿಗೆ ನಿಧಾನ ನಡೆಯಿತು, ಮೇಲಿನದರ ಮೇಲೂ ನಡೆಯಿತು. ಕೂಸಿನ ಬಾಯಲ್ಲಿ ಅಕ್ಕಿಕಾಳಿನಂಥ ಮೊದಲ ಹಲ್ಲು ಎದ್ದಿದೆಯೇ ಎಂದು ಹುಡುಕುವ ಬೆರಳಿಗೆ ಎಷ್ಟು ತಾಳ್ಮೆ ಇರುತ್ತದೋ ಅಷ್ಟು ತಾಳ್ಮೆ ಅದಕ್ಕಿತ್ತು. ಆ ಕೋಣೆಯಲ್ಲಿ ಆಗ ಯಾವ ಕಾಲ ನಡೆಯುತ್ತಿತ್ತೋ ನಾನು ಹೇಳಲಾರೆ.

"ಒಂದೂ ಇಲ್ಲ," ಎಂದಳು ದೊಡ್ಡವ್ವ ಕೊನೆಗೆ. "ಛಲೋ ಆತು ಬಿಡು. ಸಣ್ಣಾಕಿದ್ದಾಗ ಭಾಳ ಕಡೀತಿದ್ದಿ."

ಅತ್ತೆಯ ಗಂಟಲಿನಿಂದ ಬಂದದ್ದು ನಗುವೋ ಅಳುವೋ. ಹಲ್ಲಿಲ್ಲದ ಬಾಯಲ್ಲಿ ಎರಡೂ ಒಂದೇ ಥರ ಕೇಳುತ್ತವೆ.

ದೊಡ್ಡವ್ವ ಕಾಶವ್ವನಿಂದ ಬಿಸಿ ಹಾಲು, ರೊಟ್ಟಿ ತರಿಸಿದಳು. ರೊಟ್ಟಿಯನ್ನು ಕೈಯಿಂದ ಮುರಿದು ಪುಡಿ ಮಾಡಿ ಹಾಲಿನಲ್ಲಿ ನೆನೆಹಾಕಿ, ಬೆರಳುಗಳಿಂದ ಕಿವುಚಿದಳು. ಗಂಟು ಉಳಿದಿದೆಯೇ ಎಂದು ಮತ್ತೆ ಮತ್ತೆ ನೋಡಿದಳು, ಅಂದರೆ ಮುಟ್ಟಿದಳು. ಮೊದಲ ತುತ್ತು ಎತ್ತಿದ ಕೈ ದಾರಿ ತಪ್ಪಿ ಅತ್ತೆಯ ಗದ್ದಕ್ಕೆ ತಾಗಿತು, ಹಾಲು ಕೊರಳಿಗೆ ಇಳಿಯಿತು. ಎರಡನೆಯ ತುತ್ತೂ ಬೇರೆಲ್ಲೋ ಹೊರಟಿತ್ತು. ಅತ್ತೆ ಮಂಚದ ಮೇಲೆ ಸ್ವಲ್ಪ ಮುಂದೆ ಸರಿದು, ಕತ್ತು ಚಾಚಿ, ಆ ಕೈ ಹೋಗುತ್ತಿದ್ದ ಕಡೆಗೆ ತಾವೇ ಬಾಯಿ ಒಯ್ದರು.